ರಕ್ಷಣಾದೇಶ ಕೈಯಲ್ಲಿ, ಬಂದೂಕು ಮನೆಯಲ್ಲಿ

ಸಂಗಾತಿಯ ಜೀವಕ್ಕೆ ಅಪಾಯಕಾರಿಯೆಂದು ನ್ಯಾಯಾಲಯವೇ ತೀರ್ಮಾನಿಸಿದ ವ್ಯಕ್ತಿಯ ಬಳಿ ಬಂದೂಕು ಇರಬಹುದೆ? ಸಾಮಾನ್ಯ ವಿವೇಕಕ್ಕೆ ಇದು ಪ್ರಶ್ನೆಯೇ ಅಲ್ಲ. ಆದರೆ ಆಯುಧ ಹೊಂದುವುದನ್ನು ಸಂವಿಧಾನವೇ ಹಕ್ಕಾಗಿ ನೀಡಿರುವ ಅಮೆರಿಕದಲ್ಲಿ ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು.

ಕೌಟುಂಬಿಕ ಹಿಂಸೆಯ ಕಾರಣಕ್ಕೆ ನ್ಯಾಯಾಲಯದ ನಿರ್ಬಂಧಕಾಜ್ಞೆಗೆ ಒಳಗಾದವನು ಬಂದೂಕು ಇಟ್ಟುಕೊಳ್ಳಬಾರದೆಂದು ಅಲ್ಲಿ 1994ರಲ್ಲಿ ಕಾನೂನಾಯಿತು. ಎರಡು ವರ್ಷಗಳ ಬಳಿಕ, ಸೆನೆಟರ್ ಫ್ರಾಂಕ್ ಲಾಟನ್‌ಬರ್ಗ್ ತಂದ ತಿದ್ದುಪಡಿಯು ಇಂತಹ ಹಿಂಸೆಯ ಸಣ್ಣ ಅಪರಾಧದಲ್ಲಿ ಶಿಕ್ಷೆಗೊಳಗಾದವರಿಗೂ ನಿಷೇಧವನ್ನು ವಿಸ್ತರಿಸಿತು. ಪೊಲೀಸರು, ಸೈನಿಕರೂ ಈ ತಿದ್ದುಪಡಿಯಿಂದ ಹೊರತಲ್ಲ ಎಂಬುದು ಗಮನಾರ್ಹ. ವಿವಾಹವಾಗದೆ, ಒಟ್ಟಿಗೆ ವಾಸಿಸದೆ ಕೇವಲ ಪ್ರೇಮಸಂಬಂಧದಲ್ಲಿದ್ದವರು ಬಹುಕಾಲ ಈ ಕಾನೂನುಗಳ ಕಣ್ಣಿಗೆ ಬೀಳಲೇ ಇಲ್ಲ. 2022ರ ಕಾಯಿದೆ ಆ ಕಿಂಡಿಯನ್ನು ಅರ್ಧ ಮಾತ್ರ ಮುಚ್ಚಿತು.

ಟೆಕ್ಸಸ್‌ನ ರಹೀಮಿ ಎಂಬಾತ 2019ರಲ್ಲಿ ತನ್ನ ಮಗುವಿನ ತಾಯಿಯ ಮೇಲೆ ಹಲ್ಲೆ ನಡೆಸಿ, ಗುಂಡು ಹಾರಿಸಿ, ಹೊರಗೆ ಹೇಳಿದರೆ ಕೊಲ್ಲುವೆನೆಂದು ಬೆದರಿಸಿದ್ದನು. ಮುಂದಿನ ವರ್ಷ ನಿರ್ಬಂಧಕಾಜ್ಞೆ ಹೊರಟಿತು. ಬೇರೆ ಗುಂಡಿನ ಪ್ರಕರಣಗಳ ಸಂಬಂಧ ಪೊಲೀಸರು ಅವನ ಮನೆಯನ್ನು ಶೋಧಿಸಿದಾಗ ಪಿಸ್ತೂಲು ಮತ್ತು ರೈಫಲ್ ದೊರೆತವು. ಆ ಆಜ್ಞೆಯ ಪ್ರತಿಯೂ ಅದೇ ಮನೆಯಲ್ಲಿತ್ತು! ಆದರೂ ಮೇಲ್ಮನವಿ ನ್ಯಾಯಾಲಯವು, ಇಂತಹ ನಿಷೇಧಕ್ಕೆ ದೇಶದ ಇತಿಹಾಸದಲ್ಲಿ ಆಧಾರವಿಲ್ಲವೆಂದು 2023ರಲ್ಲಿ ಕಾನೂನನ್ನೇ ಅಸಿಂಧುಗೊಳಿಸಿತು. ಹೆಂಡತಿಯನ್ನು ಹೊಡೆಯುವುದು ಗಂಡನ ಅಧಿಕಾರವೆಂದು ಸಮಾಜ ಬಗೆದಿದ್ದ ಶತಮಾನದಲ್ಲಿ ಅವಳ ರಕ್ಷಣೆಯ ಕಾನೂನನ್ನು ಹುಡುಕಿದರೆ ಸಿಕ್ಕೀತಾದರೂ ಹೇಗೆ?

ಸರ್ವೋಚ್ಚ ನ್ಯಾಯಾಲಯವು 2024ರ ಜೂನ್ 21ರಂದು ಎಂಟು–ಒಂದರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಶಾಂತಿ ಕದಡುವನೆಂಬ ಶಂಕೆಯಿದ್ದವನಿಂದ ಜಾಮೀನು ಪಡೆಯುವ ಹಳೆಯ ಪದ್ಧತಿಯನ್ನು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಆಧಾರವಾಗಿ ತೋರಿಸಿದರು. ನಮ್ಮಲ್ಲಿ ಮುಚ್ಚಳಿಕೆ ಬರೆಸಿಕೊಳ್ಳುತ್ತಾರಲ್ಲ, ಹೆಚ್ಚುಕಡಿಮೆ ಅಂಥದ್ದೇ.

ಈ ಮೊಕದ್ದಮೆಯಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪರ ಸಮ್ಮೇಳನವೂ ನಿಷೇಧವನ್ನು ಎತ್ತಿಹಿಡಿಯುವಂತೆ ಕೋರಿ ನ್ಯಾಯಾಲಯಕ್ಕೆ ಲಿಖಿತ ನಿವೇದನೆ ಸಲ್ಲಿಸಿತ್ತು. ಧರ್ಮಸಂಸ್ಥೆಗಳಿಗೆ ಇಲ್ಲೇನು ಕೆಲಸ ಎಂದು ಕೇಳುವವರುಂಟು. ಪೆಟ್ಟು ತಿಂದ ಹೆಣ್ಣು ಠಾಣೆಗೆ ಹೋಗುವ ಮೊದಲು ಹಲವು ವೇಳೆ ತನ್ನ ಪಾದ್ರಿಯ ಬಳಿಗೋ ರಬ್ಬಿಯ ಬಳಿಗೋ ಹೋಗುತ್ತಾಳೆ. ಪತಿಗೆ ಅಧೀನಳಾಗಿರು, ಸಹಿಸಿಕೋ ಎಂಬ ಉತ್ತರವೇ ಅಲ್ಲಿ ದೊರೆತರೆ ಅವಳು ಹಿಂದಿರುಗುವುದು ಬಂದೂಕಿರುವ ಮನೆಗೆ. ಇದೇ ಬಿಷಪರು 1992ರಲ್ಲಿ ಹೊರಡಿಸಿ 2002ರಲ್ಲಿ ಪರಿಷ್ಕರಿಸಿದ ಪತ್ರದಲ್ಲಿ, ಹಿಂಸೆಯ ದಾಂಪತ್ಯದಲ್ಲಿ ಉಳಿಯಬೇಕೆಂದು ಯಾರಿಂದಲೂ ನಿರೀಕ್ಷಿಸಲಾಗದು, ಹಿಂಸೆಯ ಸಮರ್ಥನೆಗೆ ಬೈಬಲನ್ನು ಬಳಸುವುದು ತಪ್ಪು ಎಂದು ಸ್ಪಷ್ಟಪಡಿಸಿದ್ದರು. ಪ್ರೊಟೆಸ್ಟಂಟ್ ಧರ್ಮಗುರು ಮೇರಿ ಫಾರ್ಚೂನ್ 1977ರಲ್ಲೇ ಸಿಯಾಟಲ್‌ನಲ್ಲಿ ಧರ್ಮಗುರುಗಳಿಗೆ ಈ ವಿಷಯದಲ್ಲಿ ತರಬೇತಿ ನೀಡುವ ಸಂಸ್ಥೆಯನ್ನು ಕಟ್ಟಿದರು. ಜ್ಯೂಯಿಷ್ ವಿಮೆನ್ ಇಂಟರ್‌ನ್ಯಾಷನಲ್ ಎಂಬ ಯಹೂದಿ ಮಹಿಳಾ ಸಂಸ್ಥೆಯು ವಿವಿಧ ಧರ್ಮಗಳ ಸಂಘಟನೆಗಳನ್ನು ಒಗ್ಗೂಡಿಸಿ ಶಾಸನಕರ್ತರ ಬಾಗಿಲು ತಟ್ಟುತ್ತಿದೆ.

ಧರ್ಮಗುರುವಿರಲಿ, ದಾದಿಯಿರಲಿ, ಸಂತ್ರಸ್ತೆಯನ್ನು ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಮನೆಯಲ್ಲಿ ಬಂದೂಕು ಇದೆಯೆ? ಹಿಂಸಿಸುವವನ ಕೈಗೆ ಬಂದೂಕು ಎಟಕುವಂತಿದ್ದರೆ ಹೆಣ್ಣು ಕೊಲೆಯಾಗುವ ಅಪಾಯ ಐದು ಪಟ್ಟಿಗೂ ಮಿಗಿಲಾಗುತ್ತದೆ ಎಂದು ಜಾಕ್ವೆಲಿನ್ ಕ್ಯಾಂಪ್‌ಬೆಲ್ ಮತ್ತು ಸಂಗಡಿಗರ 2003ರ ಅಧ್ಯಯನ ತೋರಿಸಿತು. ಅವಳು ಅವನನ್ನು ಬಿಟ್ಟು ಹೊರಡುವ ಕಾಲವೇ ಅತ್ಯಂತ ಅಪಾಯದ ಕಾಲ.

ಆದರೆ ಕಾನೂನಿನ ದೊಡ್ಡ ಕೊರತೆ ಬೇರೆಡೆ ಇದೆ. ಬಂದೂಕು ಇರಬಾರದು ಎಂದು ಕೇಂದ್ರದ ಕಾನೂನು ಹೇಳುತ್ತದೆ; ಅದನ್ನು ಯಾರು ಹೋಗಿ ತರಬೇಕು, ಎಷ್ಟು ದಿನದೊಳಗೆ, ಎಲ್ಲಿ ಇಡಬೇಕು ಎಂಬುದನ್ನು ಹೇಳುವುದಿಲ್ಲ. ಅದು ಆಯಾ ರಾಜ್ಯಗಳ ಪಾಲಿನ ಕೆಲಸ. ಎಲ್ಲ ರಾಜ್ಯಗಳೂ ಅದನ್ನು ಸಮನಾಗಿ ಮಾಡಿಲ್ಲ. ಇನ್ನೊಂದು ಪಕ್ಷವನ್ನು ಕರೆಸಿ ವಿಚಾರಣೆ ನಡೆಸುವ ಮುನ್ನ ನೀಡುವ ತಾತ್ಕಾಲಿಕ ಆದೇಶಕ್ಕಂತೂ ಈ ಕೇಂದ್ರ ನಿಷೇಧ ಅನ್ವಯಿಸುವುದೇ ಇಲ್ಲ.

ನಮ್ಮ ದೇಶದಲ್ಲಿ ಬಂದೂಕು ಹಕ್ಕಲ್ಲ, ಪರವಾನಗಿಯ ವಸ್ತು. ಸಾರ್ವಜನಿಕ ಸುರಕ್ಷತೆಗೆ ಅಗತ್ಯವೆನಿಸಿದರೆ ಪರವಾನಗಿಯನ್ನು ಅಮಾನತುಗೊಳಿಸಲು 1959ರ ಆಯುಧ ಕಾಯಿದೆಯ 17ನೆಯ ಕಲಂ ಅಧಿಕಾರ ನೀಡುತ್ತದೆ. ಕೌಟುಂಬಿಕ ಹಿಂಸೆ ತಡೆ ಕಾಯಿದೆಯ 2006ರ ನಿಯಮಗಳು, ಹಿಂಸೆಗೆ ಬಳಕೆಯಾದ ಆಯುಧವನ್ನು ಪೊಲೀಸರ ನೆರವಿನಿಂದ ವಶಪಡಿಸಿಕೊಳ್ಳುವುದನ್ನು ಸಂರಕ್ಷಣಾಧಿಕಾರಿಯ ಕರ್ತವ್ಯಗಳಲ್ಲಿ ಸೇರಿಸಿವೆ. ಚುನಾವಣೆ ಬಂದಾಗ ಬೆಳೆರಕ್ಷಣೆಯ ಕೋವಿಯನ್ನು ಠಾಣೆಯಲ್ಲಿ ಇಟ್ಟು ರಸೀದಿ ಪಡೆಯುವುದು ನಮ್ಮ ಕೃಷಿಕರಿಗೆ ಹೊಸದೇನಲ್ಲ. ಮತಪೆಟ್ಟಿಗೆಯ ಶಾಂತಿಗಾಗಿ ಸಾಧ್ಯವಾಗುವುದು ಒಂದು ಮನೆಯ ಹೆಣ್ಣಿನ ಪ್ರಾಣಕ್ಕಾಗಿ ಏಕೆ ಸಾಧ್ಯವಾಗಬಾರದು?

ದೂರು ನೀಡುವ ಸಹೋದರಿಯರು ಒಂದನ್ನು ತಿಳಿದಿರಬೇಕು. ಮನೆಯಲ್ಲಿ ಕೋವಿಯಿದ್ದರೆ, ಪರವಾನಗಿ ಇರಲಿ ಇಲ್ಲದಿರಲಿ, ಅದನ್ನು ಅರ್ಜಿಯಲ್ಲಿಯೇ ಬರೆಯಿರಿ. ಮಲಯಾಳಂ ಬಾರದೆಂದು, ಮರಾಠಿ ಬಾರದೆಂದು ಸುಮ್ಮನಿರಬೇಕಿಲ್ಲ. ಅಧಿಕಾರಿಗೆ ಸಲ್ಲಿಸುವ ಅಹವಾಲನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಬರೆಯಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕಾಸರಗೋಡಿನಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಅದನ್ನು ಕನ್ನಡದಲ್ಲೇ ಬರೆದು, ಸ್ವೀಕೃತಿಯ ಮೊಹರು ಹಾಕಿಸಿದ ಒಂದು ಪ್ರತಿಯನ್ನು ತವರಿನಲ್ಲೋ ನೆರೆಮನೆಯಲ್ಲೋ ಇರಿಸಿ.