45ಕ್ಕೆ 38 ಕೂಡಿಸಿದರೆ 4538!

ಔರಾದಿನ ವಿದ್ಯಾರ್ಥಿಯೊಬ್ಬ ಗಣಿತದಲ್ಲಿ 45, ವಿಜ್ಞಾನದಲ್ಲಿ 38 ಅಂಕ ಪಡೆದಿದ್ದಾನೆ ಎಂದಿಟ್ಟುಕೊಳ್ಳಿ. ಇವನ್ನು ಕೀಲಿಮಣೆಯಿಂದ ಪಡೆದು ಕೂಡಿಸಲು ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದರೆ, ಪರದೆಯ ಮೇಲೆ 83ರ ಬದಲು 4538 ಮೂಡಬಹುದು. ಯಂತ್ರ ಕೆಟ್ಟಿಲ್ಲ. ಕೀಲಿಮಣೆಯಿಂದ ಬಂದದ್ದು ಪೈಥಾನ್‌ಗೆ ಬರೀ ಅಕ್ಷರಗಳ ಸಾಲು. ಎರಡು ಸಾಲುಗಳನ್ನು ಕೂಡಿಸೆಂದರೆ ಒಂದರ ಪಕ್ಕ ಇನ್ನೊಂದನ್ನು ಇಡುತ್ತದೆ, ಅಷ್ಟೆ.

ನಮ್ಮ ಪಿಯುಸಿಯಲ್ಲಿ ಬಹುಕಾಲ ಕಲಿಸಿದ ಸಿ ಪ್ಲಸ್ ಪ್ಲಸ್ ಭಾಷೆಯ ರೀತಿ ಬೇರೆ. ಅಲ್ಲಿ ಪ್ರತಿಯೊಂದು ವೇರಿಯಬಲ್ ಪೂರ್ಣಾಂಕವೋ, ದಶಮಾಂಶವೋ, ಅಕ್ಷರವೋ ಎಂದು ಮೊದಲೇ ಘೋಷಿಸಬೇಕು. ಹೊಂದದಿದ್ದರೆ ಕಂಪೈಲರ್ ಪ್ರೋಗ್ರಾಮನ್ನು ಓಡಲು ಬಿಡದು. ಇದು ಸ್ಟ್ಯಾಟಿಕ್ ಟೈಪಿಂಗ್. ಓಡುವಾಗ ಪರೀಕ್ಷಿಸುವ ಪೈಥಾನಿನದು ಡೈನಮಿಕ್ ಟೈಪಿಂಗ್. ಬೀದರ್ ನಿಲ್ದಾಣದಲ್ಲೇ ಟಿಕೆಟ್ ಕೊಟ್ಟು ಹೊರಡುವ ಬಸ್ಸಿಗೂ, ಭಾಲ್ಕಿಯ ದಾರಿಯಲ್ಲಿ ಹತ್ತಿದವರಿಗೆ ಹತ್ತಿದಲ್ಲೇ ಟಿಕೆಟ್ ಹರಿಯುವ ಬಸ್ಸಿಗೂ ಇರುವಂಥ ವ್ಯತ್ಯಾಸ. ಕಲಿಯುವವರಿಗೆ ಎರಡನೆಯದು ಸಲೀಸು. ದೊಡ್ಡ ಪ್ರೋಗ್ರಾಮಿನಲ್ಲಿ ಮಾತ್ರ ತಪ್ಪು ಎಲ್ಲಿ ಅಡಗಿದೆಯೆಂದು ಹುಡುಕುವುದೇ ಕಷ್ಟ.

ಎರಡನ್ನೂ ಬೆರೆಸಬಾರದೇಕೆ? 2006ರಲ್ಲಿ ಜೆರೆಮಿ ಸೀಕ್ ಮತ್ತು ವಾಲಿದ್ ತಾಹಾ 'ಗ್ರ್ಯಾಜುಯಲ್ ಟೈಪಿಂಗ್' ಎಂಬ ಕ್ರಮವನ್ನು ವಿವರಿಸಿದರು. ಬೇಕಾದ ಭಾಗಕ್ಕೆ ಮಾತ್ರ ಟೈಪ್ ಬರೆಯಿರಿ, ಉಳಿದದ್ದನ್ನು ಹಾಗೇ ಬಿಡಿ. ಬರೆಯದ ಭಾಗದಿಂದ ಬರೆದ ಭಾಗಕ್ಕೆ ದಾಟುವ ಮೌಲ್ಯವನ್ನು ಗಡಿಯಲ್ಲಿ ತಪಾಸಣೆ ಮಾಡಲಾಗುತ್ತದೆ. ಮಹಾರಾಷ್ಟ್ರದ ಗಡಿಗೆ ತಾಗಿರುವ ಔರಾದ್ ತಾಲ್ಲೂಕಿನವರಿಗೆ ಚೆಕ್‌ಪೋಸ್ಟ್ ಎಂದರೆ ವಿವರಿಸಬೇಕಿಲ್ಲ. ಲಾರಿ ಹೆಜ್ಜೆಹೆಜ್ಜೆಗೂ ಗಡಿ ದಾಟುವಂತಿದ್ದರೆ ಊರು ಮುಟ್ಟುವುದು ಯಾವಾಗ? 2016ರಲ್ಲಿ ಅಮೆರಿಕದ ಸಂಶೋಧಕರು ರ್ಯಾಕೆಟ್ ಭಾಷೆಯಲ್ಲಿ ಅಳೆದಾಗ, ಕೆಲವು ಮಿಶ್ರಣಗಳು ನೂರು ಪಟ್ಟಿಗಿಂತಲೂ ನಿಧಾನವಾಗಿದ್ದವು.

ಮೈಕ್ರೋಸಾಫ್ಟ್ 2012ರಲ್ಲಿ ಹೊರತಂದ ಟೈಪ್‌ಸ್ಕ್ರಿಪ್ಟ್ ಗಡಿಯಲ್ಲಿ ಲಾರಿ ನಿಲ್ಲಿಸುವುದೇ ಇಲ್ಲ. ಓಡುವ ಮುನ್ನ ಒಮ್ಮೆ ಪರೀಕ್ಷಿಸಿ ಟೈಪ್‌ಗಳನ್ನು ಅಳಿಸಿಬಿಡುತ್ತದೆ. 2015ರಲ್ಲಿ ಪೈಥಾನ್ ಕೂಡ ಟೈಪ್ ಸೂಚನೆಗಳಿಗೆ ಒಂದು ನಿಯಮ ಗೊತ್ತುಮಾಡಿತು.

ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜನ್ನೋ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯನ್ನೋ ಸೇರಬಯಸುವ ಮಕ್ಕಳು ಇಲ್ಲಿ ಎಚ್ಚರ ವಹಿಸಬೇಕು. ಪೈಥಾನಿನಲ್ಲಿ 'ಇದು ಪೂರ್ಣಾಂಕ' ಎಂದು ಸೂಚನೆ ಬರೆದರೂ ಓಡುವಾಗ ಅದು ಯಾವ ತಪ್ಪನ್ನೂ ತಡೆಯದು. 4538 ಮತ್ತೆ ಬಂದೀತು. ಮೈಪೈ ಎಂಬ ಉಚಿತ ತಂತ್ರಾಂಶಕ್ಕೆ ಆ ಪ್ರೋಗ್ರಾಮನ್ನು ಮೊದಲು ಕೊಟ್ಟರೆ, ಪೂರ್ಣಾಂಕ ಬೇಕಾದಲ್ಲಿ ಅಕ್ಷರಸಾಲು ಬಂದಿದೆ ಎಂದು ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.