ಹಗ್ಗ ಯಾವ ಗೂಟಕ್ಕೆ?

ವಾಸದ ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು ಕಾನಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. 371ಜೆ ಮೀಸಲಾತಿಯ ಸರ್ಟಿಫಿಕೇಟಿಗಾಗಿ ಕಚೇರಿ ಅಲೆದವರು ಓಣಿಗೊಬ್ಬರು ಸಿಗುತ್ತಾರೆ. ಹರಪನಹಳ್ಳಿಯವರಂತೂ ಇದರಲ್ಲಿ ಪಳಗಿದವರು. 1997ರಲ್ಲಿ ಆ ತಾಲ್ಲೂಕು ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಹೋಯಿತು. ಮುಂದೆ ಬಳ್ಳಾರಿಗೆ 371ಜೆ ಬಂದಾಗ ಹೊರಗುಳಿಯಿತು. ಮನೆ, ಹೊಲ, ಗುಡಿ ಎಲ್ಲ ಇದ್ದಲ್ಲೇ ಇದ್ದವು, ಸರಿದದ್ದು ನಕಾಶೆಯ ಮೇಲಿನ ಗೆರೆ ಮಾತ್ರ. ವರ್ಷಗಟ್ಟಲೆ ಹೋರಾಡಿ ಜನ ಮತ್ತೆ ಬಳ್ಳಾರಿಗೆ ಸೇರಿದರು. 2021ರಲ್ಲಿ ಎಲ್ಲರ ಜೊತೆ ವಿಜಯನಗರ ಜಿಲ್ಲೆಯವರಾದರು.

ಇದೇ ಆಟ ಪರದೇಶದಲ್ಲಿ ನಡೆದರೆ ಪಣ ದೊಡ್ಡದು. ಅಲ್ಲಿ ಸೋತವನಿಗೆ ಮೀಸಲಾತಿ ತಪ್ಪುವುದಲ್ಲ, ನಿಂತ ನೆಲವೇ ತಪ್ಪುತ್ತದೆ.

‘ಮಗನಿಗೆ ವೀಸಾ ಆಯ್ತು’ ಎಂದರೆ ಊರಲ್ಲಿ ಎಲ್ಲ ಮುಗಿದಂತೆ. ಆದರೆ ಆ ಒಂದು ಮಾತಿನೊಳಗೆ ಮೂರು ಸಂಗತಿಗಳು ಅಡಗಿವೆ. ಬಾಗಿಲವರೆಗೆ ಹೋಗುವ ಅನುಮತಿ ಒಂದು, ಒಳಗೆ ಇಷ್ಟು ದಿನ ಇರಬಹುದೆಂಬ ಅನುಮತಿ ಇನ್ನೊಂದು, ದುಡಿಯಬಹುದೆಂಬ ಅನುಮತಿ ಮತ್ತೊಂದು. ಎತ್ತನ್ನು ಕಟ್ಟಿದ ಹಗ್ಗ ಎಷ್ಟು ಉದ್ದವಿದೆ ಎಂದು ನೋಡಿದರಾಗದು, ಅದು ಯಾವ ಗೂಟಕ್ಕೆ ಕಟ್ಟಿದೆ ಎಂಬುದನ್ನೂ ನೋಡಬೇಕು. ಗೂಟ ಕಾಲೇಜೇ, ಧಣಿಯೇ, ಗಂಡನೇ? ಅದು ಕಿತ್ತುಬಂದ ದಿನ ಹಗ್ಗದ ಉದ್ದ ಲೆಕ್ಕಕ್ಕಿಲ್ಲ.

2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಕನ್ನಡಿಗ ವೈದ್ಯಕೀಯ ವಿದ್ಯಾರ್ಥಿಯೊಬ್ಬ ರಷ್ಯಾದ ದಾಳಿಗೆ ಬಲಿಯಾದ. ಅವನ ಊರು ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿ. ಹರಪನಹಳ್ಳಿ, ಹಡಗಲಿಯವರಿಗೆ ತುಂಗಭದ್ರೆಯ ಆಚೆ ದಡ ಅಷ್ಟೇ. ಮೂರು ದಿನದ ನಂತರ, ಮಾರ್ಚ್ 4ರಂದು, ಯುರೋಪಿಯನ್ ಒಕ್ಕೂಟ ಉಕ್ರೇನಿನಿಂದ ಓಡಿಬಂದವರಿಗೆ ತಾತ್ಕಾಲಿಕ ರಕ್ಷಣೆ ಕೊಡುವ ತೀರ್ಮಾನ ಮಾಡಿತು. ವಾಸ, ಕೆಲಸ, ಮಕ್ಕಳ ಓದು ಎಲ್ಲ ಅದರಲ್ಲಿತ್ತು. ಉಕ್ರೇನಿನ ಪ್ರಜೆಗಳಿಗೆ ಅದು ಸಿಕ್ಕಿತು. ಅಲ್ಲಿ ಕಾಯಂ ವಾಸದ ಹಕ್ಕಿದ್ದ ಹೊರದೇಶದವರಿಗೆ, ತಾಯ್ನಾಡಿಗೆ ಸುರಕ್ಷಿತವಾಗಿ ಮರಳಲು ಆಗದಿದ್ದರೆ, ಸಿಕ್ಕಿತು. ಓದುವಷ್ಟು ಕಾಲದ ತಾತ್ಕಾಲಿಕ ಪರವಾನಗಿ ಹಿಡಿದಿದ್ದ ನಮ್ಮ ಹುಡುಗರಿಗೆ ಸಿಕ್ಕಿದ್ದು ಗಡಿ ದಾಟಿ ಊರಿಗೆ ಹೋಗುವ ದಾರಿ ಮಾತ್ರ. ಅವರನ್ನು ಕರೆತಂದದ್ದು ಭಾರತದ ‘ಆಪರೇಷನ್ ಗಂಗಾ’. ಅದೇ ಚಳಿ, ಅದೇ ಸಾಲು, ಅದೇ ಬಾಂಬಿನ ಸದ್ದು, ಆದರೆ ಕೈಯಲ್ಲಿದ್ದ ಕಾಗದ ಬೇರೆ. ಆರು ವರ್ಷ ಓದಿದರೂ ವಿದ್ಯಾರ್ಥಿ ಕಾನೂನಿನ ಕಣ್ಣಿಗೆ ಬಂದುಹೋಗುವವನೇ.

ಮರುವರ್ಷದ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಸಿಕ್ಕ ಸುಡಾನಿನ ಸರದಿ. ಅಲ್ಲಿ ಸಿಕ್ಕಿಬಿದ್ದ ಕನ್ನಡಿಗರಲ್ಲಿ ಗಿಡಮೂಲಿಕೆ, ತಲೆಗೂದಲಿನ ಎಣ್ಣೆ ಮಾರಲು ಹೋಗಿದ್ದ ಹಕ್ಕಿಪಿಕ್ಕಿ ಕುಟುಂಬಗಳಿದ್ದವು. ಅವರನ್ನು ‘ಆಪರೇಷನ್ ಕಾವೇರಿ’ ಜೆಡ್ಡಾ ಮೂಲಕ ಕರೆತಂದಿತು. ಹಸಿರು ಗಿಡದ ಬೇರು ಹಿಡಿದು ಆಫ್ರಿಕಾ ಸುತ್ತಿದವರ ಧೈರ್ಯಕ್ಕೆ ತಲೆಬಾಗಬೇಕು. ಆದರೂ ಕೊನೆಗೆ ಕಾದದ್ದು ಭಾರತದ ಪಾಸ್‌ಪೋರ್ಟೇ.

ಈ ಭಾಗದವರು ಹೆಚ್ಚು ಯೋಚಿಸಬೇಕಾದದ್ದು ಕೊಲ್ಲಿ ದೇಶಗಳ ವಿಷಯವನ್ನು. ಸೌದಿಯಲ್ಲಿ ವಾಸದ ಗುರುತುಚೀಟಿಗೆ ‘ಇಕಾಮಾ’ ಎನ್ನುತ್ತಾರೆ, ಅದಕ್ಕೆ ಗೂಟವಾಗಿ ನಿಲ್ಲುವ ಧಣಿ ‘ಕಫೀಲ್’. ಕೆಲಸಗಾರ ಪರಾರಿಯಾದ ಎಂದು ಧಣಿ ದೂರು ದಾಖಲಿಸಿದರೆ ಅದು ‘ಹುರೂಬ್’; ಆತ ಅಕ್ರಮ ವಾಸಿಯಾಗುವ ಅಪಾಯವಿದೆ. 2021ರ ನಂತರ ಸೌದಿ ನಿಯಮಗಳನ್ನು ಸಡಿಲಿಸಿದೆ, ಧಣಿಯ ಒಪ್ಪಿಗೆ ಇಲ್ಲದೆಯೂ ಕೆಲವರು ಕೆಲಸ ಬದಲಿಸಬಹುದು. ಮನೆಗೆಲಸದವರಿಗೂ ಮನೆ ಡ್ರೈವರ್‌ಗಳಿಗೂ ಆ ಸುಧಾರಣೆಯ ಗಾಳಿ ಅಷ್ಟಾಗಿ ಬೀಸಲಿಲ್ಲ.

ಇದಕ್ಕೆ ನಮ್ಮ ದೇಶದಲ್ಲೇ ಒಂದು ಕಾವಲಿದೆ, 1983ರ ವಲಸೆ ಕಾಯ್ದೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ಗುರುತು ಬೀಳುತ್ತದೆ. ಸೌದಿ, ಕುವೈತ್, ಎಮಿರೇಟ್ಸ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಅಂಥವರಿಗೆ ಸರ್ಕಾರದ ಅನುಮತಿ ಬೇಕು, ಕೆಲಸದ ಕರಾರು ‘ಇ-ಮೈಗ್ರೇಟ್’ ಜಾಲತಾಣದಲ್ಲಿ ದಾಖಲಾಗಬೇಕು. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ತೆರಿಗೆಗಿಂತ ಹೆಚ್ಚು ಸೇವಾಶುಲ್ಕ ಕೇಳುವಂತಿಲ್ಲ. ಆ ಗುರುತನ್ನು ಅವಮಾನವೆಂದು ತಿಳಿಯುವವರಿದ್ದಾರೆ, ನಿಜದಲ್ಲಿ ಅದು ಬೇಲಿ. ಬೇಲಿ ಹಾರಿಸುವ ಏಜೆಂಟನ ಉಪಾಯ ಬಲು ಸರಳ: ‘ಮೊದಲು ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಿಸಿಕೊಳ್ಳೋಣ.’ ನೋಡಲು ಹೋಗುವವನಿಗೆ ಆ ಅನುಮತಿಯೇ ಬೇಕಿಲ್ಲವಲ್ಲ! ಹಾಗೆ ಹೋದವನ ಕರಾರು ಎಲ್ಲೂ ದಾಖಲಾಗಿರುವುದಿಲ್ಲ. ಸಂಬಳ ನಿಂತರೆ ದೂರು ಕೊಡಲು ಹೋದವನೇ ಮೊದಲು ತಪ್ಪಿತಸ್ಥ. ಎಮಿರೇಟ್ಸ್ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಇಂಥ ಅಕ್ರಮ ವಾಸಿಗಳಿಗೆ ದಂಡವಿಲ್ಲದೆ ಸರಿಪಡಿಸಿಕೊಳ್ಳಲು, ಇಲ್ಲವೇ ಊರಿಗೆ ಹೊರಡಲು ಅವಕಾಶ ಕೊಟ್ಟಿತ್ತು. ಅದು ಹಕ್ಕಲ್ಲ, ದಯೆ.

ಅಮೆರಿಕದ ಗೂಟ ಕಂಪನಿ. ಎಚ್-1ಬಿ ಉದ್ಯೋಗ ವೀಸಾ ಮೂರು ವರ್ಷ, ಸಾಮಾನ್ಯವಾಗಿ ಆರಕ್ಕೆ ಮುಗಿತಾಯ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಧಣಿ, ಹೊಸ ಸ್ಟೇಟಸ್, ಇಲ್ಲವೇ ವಿಮಾನ. ಉದ್ಯೋಗದ ಮೇಲೆ ಸಿಗುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದೇ ದೇಶದವರಿಗೆ ಶೇ 7ರ ಮಿತಿ. ಭಾರತದ ಸಾಲು ಹನುಮಂತನ ಬಾಲವಾಗಿರುವುದು ಇದರಿಂದಲೇ. ಅಪ್ಪ ಸಾಲಿನಲ್ಲಿ ನಿಂತಿರುವಾಗಲೇ ಮಗಳಿಗೆ 21 ತುಂಬಿದರೆ ಅವಳು ಅವನ ಹಗ್ಗದಿಂದ ಕಳಚಿದಂತೆ, ತನ್ನದೇ ವಿದ್ಯಾರ್ಥಿ ವೀಸಾ ಹುಡುಕಬೇಕು. ಕೊಟ್ಟೂರು ತೇರಿಗೆ, ಮೈಲಾರದ ಕಾರ್ಣಿಕಕ್ಕೆ ಬಂದುಹೋಗಬೇಕೆಂದರೂ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ ಮರಳುವ ಮುನ್ನ ಮತ್ತೆ ‘ಸ್ಟ್ಯಾಂಪಿಂಗ್’. ಮಗ ಹಬ್ಬಕ್ಕೆ ಬರಲಿಲ್ಲವೆಂದು ಮುನಿಸಿಕೊಳ್ಳುವ ಅವ್ವನಿಗೆ ಇದನ್ನು ಯಾರು ಬಿಡಿಸಿ ಹೇಳಬೇಕು?

ಕೊನೆಗೊಮ್ಮೆ ಅಲ್ಲಿನ ಪೌರತ್ವ ಬಂತು ಎನ್ನಿ. 1955ರ ಪೌರತ್ವ ಕಾಯ್ದೆಯ ಪ್ರಕಾರ ಅದೇ ಗಳಿಗೆಯಲ್ಲಿ ಭಾರತದ್ದು ತಾನಾಗಿ ಹೋಯಿತು. ಎರಡು ದೋಣಿಯಲ್ಲಿ ಕಾಲಿಡಲು ಇಲ್ಲಿ ಅವಕಾಶವಿಲ್ಲ. ‘ಒಸಿಐ’ ಕಾರ್ಡ್ ಇದ್ದರೆ ಬಂದುಹೋಗಲು ಅಡ್ಡಿಯಿಲ್ಲ, ಆದರೆ ಮತ ಹಾಕುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿಗೆ ಮತವುಂಟು, ಊರಿನ ಮತಗಟ್ಟೆಗೆ ಖುದ್ದಾಗಿ ಬರಬೇಕಷ್ಟೇ.

ಈ ಸೀಮೆಯಲ್ಲಿ ಹೆಚ್ಚು ಜನ ಎಡವುವುದು ಹೊಲದ ವಿಷಯದಲ್ಲಿ. 2020ರಲ್ಲಿ ಕರ್ನಾಟಕ ಭೂಸುಧಾರಣೆ ಕಾಯ್ದೆಯ 79ಎ, 79ಬಿ ತೆಗೆದುಹಾಕಿದ ಮೇಲೆ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದೆಂಬ ಮಾತು ಹರಡಿತು. ಪರದೇಶದಲ್ಲಿ ನೆಲೆಸಿದವರಿಗೆ ಅದು ಅನ್ವಯಿಸದು: ವಿದೇಶಿ ವಿನಿಮಯದ ಕೇಂದ್ರ ನಿಯಮಗಳು ಅನಿವಾಸಿಗೂ ಒಸಿಐ ಕಾರ್ಡಿನವರಿಗೂ ಹೊಲ, ತೋಟ, ತೋಟದ ಮನೆ ಖರೀದಿಯನ್ನು ತಡೆದಿವೆ. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದರೆ ಪಹಣಿಯಲ್ಲಿ ಹೆಸರು ಏರಬಹುದು. ಅದನ್ನು ಮಾರುವುದಾದರೆ ಭಾರತದಲ್ಲೇ ನೆಲೆಸಿರುವವರಿಗೆ ಮಾರಬೇಕು. ಕೂಡ್ಲಿಗಿಯ ಅಪ್ಪ ಬಿಟ್ಟುಹೋದ ಶೇಂಗಾದ ಹೊಲ ಡಲ್ಲಾಸ್‌ನ ಮಗನದಾಗುತ್ತದೆ. ಬದುವಿನಾಚೆಯ ಎರಡೆಕರೆ ಮಾರಾಟಕ್ಕೆ ಬಂದರೆ ಅದನ್ನು ತನ್ನ ಹೆಸರಿಗೆ ಬರೆಸಿಕೊಳ್ಳಲು ಅವನಿಗೆ ಆಗದು.