ಮೋಡದೊಳಗಿನ ಕಡೆಗೋಲು

ಮುಂಗಾರಿನ ಮೋಡವೊಂದು ನೋಡನೋಡುತ್ತಿದ್ದಂತೆಯೇ ಮೇಲೆದ್ದು, ಕಪ್ಪಿಟ್ಟು, ಅರ್ಧ ಗಂಟೆಯೊಳಗಾಗಿ ದಪ್ಪ ಹನಿಗಳನ್ನು ಸುರಿಸುವುದನ್ನು ಕಾಣದವರಿಲ್ಲ; ಆದರೆ ಆ ಅರ್ಧ ಗಂಟೆಯ ತ್ವರೆಯೇ ವಿಜ್ಞಾನಿಗಳನ್ನು ಬಹುಕಾಲದಿಂದ ಕಾಡುತ್ತ ಬಂದಿರುವ ಸಮಸ್ಯೆಯೆಂಬುದನ್ನು ಬಲ್ಲವರು ವಿರಳ.

ಧೂಳು ಉಪ್ಪುಗಳ ಕಣವನ್ನಾಶ್ರಯಿಸಿ ನೀರಾವಿ ಮೇಘಬಿಂದುವಾಗುತ್ತದೆ. ಅದರ ತ್ರಿಜ್ಯ ಸುಮಾರು 10 ಮೈಕ್ರಾನ್. ಅಂಥ ಹತ್ತು ಲಕ್ಷ ಬಿಂದುಗಳು ಕೂಡಿದರೆ 1 ಮಿಲಿಮೀಟರು ತ್ರಿಜ್ಯದ ಒಂದು ಮಳೆಹನಿ. ಆವಿಯನ್ನುಂಡು ಬೆಳೆಯುವ ಬಿಂದುವಿನ ಬೆಳವಣಿಗೆ ಸುಮಾರು 15 ಮೈಕ್ರಾನಿನಾಚೆಗೆ ತೀರ ಮಂದವಾಗುತ್ತದೆ. ಸ್ವಭಾರದಿಂದ ಕೆಳಗಿಳಿಯುತ್ತ ಕಿರಿಯವನ್ನು ಕಬಳಿಸುವ ಸಾಮರ್ಥ್ಯವಾದರೋ ಸುಮಾರು 40 ಮೈಕ್ರಾನ್ ಮುಟ್ಟಿದಲ್ಲದೆ ಚೆನ್ನಾಗಿ ಬಾರದು. ನಡುವಣ ಈ ಕಂದರವನ್ನು ಅದು ದಾಟುವುದೆಂತು?

ಹಿರಿಯ ಹನಿ ಬೀಳುತ್ತ ಕಿರಿಯವನ್ನು ಕೂಡಿಸಿಕೊಂಡು ಬೆಳೆಯುವ ಬಗೆಯನ್ನು ಕುರಿತು ಬರೆದ ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸನೇ 1883ರಲ್ಲಿ ಗಾಜಿನ ನಳಿಗೆಯೊಳಗೆ ಬಣ್ಣದ ಎಳೆಯೊಂದನ್ನು ಹರಿಯಬಿಟ್ಟು, ಮಂದಗತಿಯಲ್ಲಿ ನೂಲಿನಂತೆ ನೇರವಾಗಿದ್ದ ಅದು ವೇಗ ಮಿತಿಮೀರಿದೊಡನೆ ಸುಳಿಸುಳಿಯಾಗಿ ನೀರೆಲ್ಲವನ್ನೂ ವ್ಯಾಪಿಸಿದುದನ್ನು ತೋರಿಸಿಕೊಟ್ಟನು. ವೇಗ, ನಳಿಗೆಯ ಅಗಲ, ದ್ರವದ ಸ್ನಿಗ್ಧತೆ ಇವುಗಳಿಂದಾದ ಒಂದು ಸಂಖ್ಯೆ ಸುಮಾರು 2000ವನ್ನು ಮೀರಿತೆಂದರೆ ನಳಿಗೆಯ ಪ್ರವಾಹವು ಕ್ಷೋಭೆಗೆ ಎಡೆಗೊಡುತ್ತದೆ. ಆ ಸಂಖ್ಯೆಗೆ ಇಂದು ಅವನದೇ ಹೆಸರು. ಹನಿ, ಕ್ಷೋಭೆ ಎಂಬ ಅವನ ಎರಡು ಆಸಕ್ತಿಗಳನ್ನೂ ಒಂದುಗೂಡಿಸುವ ಕಾರ್ಯ ನಮ್ಮ ಕಾಲಕ್ಕೆ ಉಳಿದಿದೆ.

ಗಾಳಿಯಲ್ಲಿ ನೀರು, ನೀರಿನಲ್ಲಿ ಗುಳ್ಳೆ, ಹೀಗೆ ದ್ರವ್ಯದ ಹಲವು ಅವಸ್ಥೆಗಳು ಕೂಡಿ ಹರಿಯುವುದೇ ಬಹುಪ್ರಾವಸ್ಥಾ ಪ್ರವಾಹ. ಮೋಡವೂ ಅಂಥದೇ; ಅದರ ಸುಳಿಯಲ್ಲಿ ಸಿಕ್ಕಿದ ಬಿಂದು ಗಾಳಿಗಿಂತ ಭಾರವಾದುದರಿಂದ ಅದರೊಡನೆ ತಿರುಗಲಾರದೆ ಹೊರಕ್ಕೆ ಎಸೆಯಲ್ಪಡುತ್ತದೆ. ಹೀಗೆ ಹೊರಬಿದ್ದವು ಸುಳಿಗಳ ನಡುವಣ ಎಡೆಗಳಲ್ಲಿ ದಟ್ಟಯಿಸಿ ಒಂದನ್ನೊಂದು ತಾಗುತ್ತವೆ. ಕಡೆಗೋಲು ತಿರುಗಿದಾಗ ಮೊಸರಿನಲ್ಲಿ ಚದರಿದ್ದ ಜಿಡ್ಡು ಪರಸ್ಪರ ತಾಗಿ ಬೆಣ್ಣೆಯಾಗುವುದನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ಆದರೆ ನೂರಾರು ಮೀಟರಿನ ಸುಳಿ ಒಡೆದು ಮಿಲಿಮೀಟರಿನ ಸುಳಿಯವರೆಗೆ ಇಳಿಯುವ ಈ ಪರಂಪರೆಯನ್ನು ಇಡಿಯಾಗಿ ಲೆಕ್ಕಹಾಕುವ ಗಣಕಯಂತ್ರ ಇನ್ನೂ ಹುಟ್ಟಿಲ್ಲ. 1941ರಲ್ಲಿ ರಷ್ಯದ ಗಣಿತಜ್ಞ ಕೊಲ್ಮೊಗೊರೊವ್ ಅದಕ್ಕೊಂದು ಸಾಮಾನ್ಯ ನಿಯಮವನ್ನು ಕಂಡುಕೊಟ್ಟನು. ಆ ನಿಯಮದ ಸರಳತೆ ಈಗಲೂ ನನ್ನನ್ನು ವಿಸ್ಮಯಗೊಳಿಸುತ್ತದೆ. ಆದರೂ ಹನಿ ಮಾಗುವುದರಲ್ಲಿ ಸುಳಿಗಳ ಪಾಲೆಷ್ಟು, ಮೊದಲಿಂದಲೇ ದೊಡ್ಡದಾಗಿದ್ದ ಉಪ್ಪಿನ ಕಣಗಳ ಪಾಲೆಷ್ಟು ಎಂಬ ವಾದ ಮುಗಿದಿಲ್ಲ.

ಬೆಂಗಳೂರಿನಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಅವರೂ ಅವರ ಸಂಗಡಿಗರೂ, ಲೆಕ್ಕಕ್ಕೆ ಸಿಗದ ಆ ಮೋಡವನ್ನೇ ನೀರಿನ ತೊಟ್ಟಿಗೆ ಇಳಿಸಿದರು. ಆವಿ ನೀರಾಗುವಾಗ ಬಿಡುವ ಶಾಖಕ್ಕೆ ಪ್ರತಿಯಾಗಿ, ಮೇಲೇರುವ ಧಾರೆಯನ್ನು ನಡುದಾರಿಯಲ್ಲಿ ವಿದ್ಯುತ್ತಿನಿಂದ ಕಾಯಿಸಿ ನೋಡಿದಾಗ, ಅದರ ಹಿರಿಯ ಸುಳಿಗಳು ಕದಡಿಹೋಗಿ, ಸುತ್ತಣ ನೀರನ್ನು ಒಳಗೆಳೆದುಕೊಳ್ಳುವ ಅದರ ಹಸಿವೇ ಕುಗ್ಗಿದುದು ಅವರಿಗೆ ಗೋಚರವಾಯಿತು.